ಮುಟ್ಟದಿರುವುದೂ ದಯೆಯೇ

ದಕ್ಷಿಣ ಧ್ರುವವನ್ನು ಸುತ್ತುವರಿದ ಹಿಮಸಾಗರದಿಂದ ಕೆಲವು ವರ್ಷಗಳಿಂದ ಬರುತ್ತಿರುವ ಸುದ್ದಿಗಳು ಜೀವದಯೆಯೇ ಧರ್ಮದ ಬೇರು ಎಂದು ನಂಬಿದವರ ಮನಸ್ಸನ್ನು ಕಲಕುವಂಥವು. 2023ರ ಅಕ್ಟೋಬರ್ ತಿಂಗಳಲ್ಲಿ ದಕ್ಷಿಣ ಜಾರ್ಜಿಯಾದ ಬರ್ಡ್ ಐಲೆಂಡ್ ಎಂಬ ಪುಟ್ಟ ದ್ವೀಪದಲ್ಲಿ ಕಂದು ಸ್ಕುವಾ ಎಂಬ ಕಡಲಹಕ್ಕಿಗಳು ಸಾಯತೊಡಗಿದವು. ಪರೀಕ್ಷೆ ನಡೆಸಿದಾಗ ಎಚ್5ಎನ್1 ಹಕ್ಕಿಜ್ವರವೆಂದು ದೃಢಪಟ್ಟಿತು. ಅಂಟಾರ್ಕ್ಟಿಕ್ ವಲಯದಲ್ಲಿ ಈ ರೋಗ ಖಚಿತವಾದುದು ಅದೇ ಮೊದಲು. 2024ರ ಜನವರಿಯಲ್ಲಿ ಅದೇ ದ್ವೀಪಸಮೂಹದ ಆನೆ ಸೀಲ್ ಮತ್ತು ಫರ್ ಸೀಲ್‌ಗಳಲ್ಲಿ ಸೋಂಕು ಪತ್ತೆಯಾಯಿತು. ಫೆಬ್ರವರಿ 24ರಂದು ಅಂಟಾರ್ಕ್ಟಿಕ್ ಪರ್ಯಾಯದ್ವೀಪದಲ್ಲಿರುವ ಅರ್ಜೆಂಟೀನಾದ ಪ್ರಿಮವೆರಾ ನೆಲೆಯ ಬಳಿ ಸತ್ತುಬಿದ್ದಿದ್ದ ಸ್ಕುವಾಗಳಲ್ಲಿ ಸ್ಪೇನಿನ ವಿಜ್ಞಾನಿಗಳು ಈ ವೈರಾಣುವನ್ನು ಗುರುತಿಸಿದರು. ಹಿಮಖಂಡದ ನೆಲವನ್ನೂ ರೋಗ ತಲುಪಿತ್ತು. 2025ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಕ್ಕೆ ಸೇರಿದ ಹರ್ಡ್ ದ್ವೀಪದ ಆನೆ ಸೀಲ್‌ಗಳಲ್ಲಿಯೂ ಸೋಂಕು ದೃಢವಾಯಿತು.

ಉತ್ತರ ಧ್ರುವದ ಕಡೆಯೂ ನೆಮ್ಮದಿಯಿಲ್ಲ. ಅಲಾಸ್ಕಾದ ಉತ್ತರ ತುದಿಯ ಉತ್ಕಿಯಾಗ್ವಿಕ್ ಪಟ್ಟಣದ ಸಮೀಪ ಸತ್ತ ಹಿಮಕರಡಿಯೊಂದರ ಸಾವಿಗೆ ಇದೇ ಸೋಂಕು ಕಾರಣವೆಂದು 2023ರ ಡಿಸೆಂಬರ್‌ನಲ್ಲಿ ಖಚಿತವಾಯಿತು. ಅದೇ ವರ್ಷ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಸತ್ತ ವಾಲ್ರಸ್ ಒಂದರಲ್ಲಿಯೂ ಹಕ್ಕಿಜ್ವರದ ವೈರಾಣು ಕಂಡಿತು. ಹಕ್ಕಿಗಳ ರೋಗವೆಂದು ನಾವು ಕರೆಯುತ್ತಿದ್ದುದು ಈಗ ಸ್ತನಿಗಳನ್ನೂ ಕೊಲ್ಲುತ್ತಿದೆ. ಅರ್ಜೆಂಟೀನಾದ ವಾಲ್ಡೆಸ್ ಪರ್ಯಾಯದ್ವೀಪದ ತೀರದಲ್ಲಿ 2023ರ ಒಂದೇ ಋತುವಿನಲ್ಲಿ ಸುಮಾರು 17 ಸಾವಿರ ಆನೆ ಸೀಲ್ ಮರಿಗಳು ಸತ್ತವು. ದಕ್ಷಿಣ ಜಾರ್ಜಿಯಾದ ಮೂರು ದೊಡ್ಡ ನೆಲೆಗಳಲ್ಲಿ ಮರಿಹಾಕಲು ಬರುವ ಹೆಣ್ಣು ಆನೆ ಸೀಲ್‌ಗಳ ಸಂಖ್ಯೆ 2022ಕ್ಕೂ 2024ಕ್ಕೂ ನಡುವೆ ಶೇ 47ರಷ್ಟು ಕುಸಿದಿತ್ತೆಂದು ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯ ವಿಜ್ಞಾನಿಗಳು ವೈಮಾನಿಕ ಚಿತ್ರಗಳ ಎಣಿಕೆಯಿಂದ ಕಂಡುಕೊಂಡರು.

ಇವೆಲ್ಲ ಪಂಚೇಂದ್ರಿಯ ಜೀವಗಳು. ನೋವನ್ನು ನಮ್ಮಂತೆಯೇ ಅನುಭವಿಸುವಂಥವು. ಮರಿಯನ್ನು ಕರೆಯುವ, ಸಂಗಾತಿಗಾಗಿ ಕಾಯುವ ಜೀವಗಳು. ಹೀಗಿರುವಾಗ ಅವುಗಳ ನಡುವೆ ರೋಗ ಹರಡುತ್ತಿದೆಯೆಂಬ ಶಂಕೆ ಮೂಡಿದ ಕೂಡಲೇ ಮನುಷ್ಯ ಏನು ಮಾಡಬೇಕು? ಈ ಪ್ರಶ್ನೆಗೆ ವಿಜ್ಞಾನಿಗಳು ಕೊಟ್ಟಿರುವ ಉತ್ತರ ಮೊದಲ ನೋಟಕ್ಕೆ ನಿಷ್ಠುರವೆನಿಸುತ್ತದೆ. ಹತ್ತಿರ ಹೋಗಬೇಡಿ, ಮುಟ್ಟಬೇಡಿ, ಎತ್ತಿ ತರಬೇಡಿ ಎನ್ನುತ್ತದೆ ಅದು. ಆ ಉತ್ತರವನ್ನು ಜೈನ ಆಚಾರದ ಬೆಳಕಿನಲ್ಲಿ ಪರಿಶೀಲಿಸುವುದು ಈ ವಾರದ ಲೇಖನದ ಉದ್ದೇಶ.

ಎತ್ತಿಕೊಳ್ಳುವ ಕೈಯನ್ನು ತಡೆಯುವುದೇಕೆ?

ಕಾಯಿಲೆ ಬಿದ್ದ ಹಕ್ಕಿಯನ್ನು ಕಂಡರೆ ಎತ್ತಿಕೊಳ್ಳುವುದು ನಮ್ಮ ಸಂಸ್ಕಾರ. ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದಲ್ಲಿ ಹಕ್ಕಿಗಳಿಗಾಗಿಯೇ ಧರ್ಮಾಸ್ಪತ್ರೆಯಿದೆ. ಗುಜರಾತಿನ ಪಾಂಜರಾಪೋಳಗಳಲ್ಲಿ ಮುದಿಯಾದ, ಅಂಗವಿಕಲವಾದ ಪಶುಗಳನ್ನು ಕೊನೆಯುಸಿರಿನವರೆಗೆ ಸಾಕುವ ಪದ್ಧತಿ ಶತಮಾನಗಳಿಂದ ನಡೆದುಬಂದಿದೆ. ಇಂಥ ಪರಂಪರೆಯಲ್ಲಿ ಬೆಳೆದವರಿಗೆ, ನಡುಗುತ್ತ ಬಿದ್ದಿರುವ ಹಕ್ಕಿಯನ್ನು ದೂರದಿಂದ ನೋಡಿ ಹಿಂದಿರುಗಿ ಎಂಬ ಮಾತು ಕಿವಿಗೆ ಕಹಿಯಾಗಿ ಕೇಳಿಸುವುದು ಸಹಜ.

ಆದರೆ ಹಿಮಖಂಡದ ಸ್ಥಿತಿಯನ್ನು ತಿಳಿದರೆ ಆ ನಿಯಮದ ಅರ್ಥ ಹೊಳೆಯುತ್ತದೆ. ಅಲ್ಲಿ ಪೆಂಗ್ವಿನ್‌ಗಳೂ ಸೀಲ್‌ಗಳೂ ಸಾವಿರಗಟ್ಟಲೆ ಒತ್ತೊತ್ತಾಗಿ ನೆರೆದು ಮರಿ ಮಾಡುತ್ತವೆ. ಮನುಷ್ಯ ನುಗ್ಗಿದರೆ ಗುಂಪು ಬೆದರಿ ಚದುರುತ್ತದೆ. ಮೊಟ್ಟೆಗಳು ತುಳಿತಕ್ಕೆ ಸಿಕ್ಕುತ್ತವೆ, ಮರಿಗಳು ತಾಯಿಯಿಂದ ಅಗಲುತ್ತವೆ, ಸೋಂಕು ತಗುಲಿದ ಪ್ರಾಣಿ ಸೋಂಕಿಲ್ಲದ ಗುಂಪಿನ ಕಡೆಗೆ ಓಡುತ್ತದೆ. ರೋಗಿಷ್ಠ ಪ್ರಾಣಿಯ ಹಿಕ್ಕೆ, ಲಾಲಾರಸ, ಗರಿಗಳ ಮೂಲಕ ವೈರಾಣು ಬೂಟಿನ ಅಡಿಗೆ, ಚೀಲದ ತಳಕ್ಕೆ ಅಂಟಿ ಮುಂದಿನ ನೆಲೆಗೆ ಸಾಗಬಲ್ಲದು. ಬಯಲಿನಲ್ಲಿರುವ ಸಾವಿರಾರು ವನ್ಯಜೀವಿಗಳಿಗೆ ಕೊಡಬಹುದಾದ ಮದ್ದು ಇಂದು ಯಾರ ಬಳಿಯೂ ಇಲ್ಲ. ಹಾಗಿರುವಲ್ಲಿ ಎತ್ತಿಕೊಂಡ ಒಂದು ಹಕ್ಕಿಗೆ ಉಪಕಾರವಾಗುವುದಿಲ್ಲ, ಉಳಿದ ನೂರಕ್ಕೆ ಅಪಕಾರವಾಗುತ್ತದೆ. ಎತ್ತಿದವನಿಗೂ ಅಪಾಯ, ಈ ವೈರಾಣು ಮನುಷ್ಯರಿಗೂ ತಗುಲಿದ ಉದಾಹರಣೆಗಳಿವೆ.

ದಯೆಯೆಂದರೆ ನಮ್ಮ ಮನಸ್ಸಿನ ಮರುಕವನ್ನು ತಣಿಸಿಕೊಳ್ಳುವುದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಎದುರಿಗಿರುವ ಜೀವಕ್ಕೆ ನಿಜವಾಗಿ ಯಾವುದು ಹಿತವೋ ಅದನ್ನು ವಿವೇಕದಿಂದ ಆರಿಸುವುದು ದಯೆ. ಸಮ್ಯಕ್ ಜ್ಞಾನವಿಲ್ಲದ ಚಾರಿತ್ರ ಸಮ್ಯಕ್ ಚಾರಿತ್ರವಾಗದೆಂದು ರತ್ನತ್ರಯದ ತತ್ತ್ವವೇ ಹೇಳುತ್ತದೆ. ದೆಹಲಿಯ ಆಸ್ಪತ್ರೆಯಲ್ಲಿ ಎತ್ತಿಕೊಳ್ಳುವ ಕೈ ಕರುಣೆಯ ಕೈ. ಹಿಮಖಂಡದಲ್ಲಿ ಹಿಂದೆ ಸರಿದ ಹೆಜ್ಜೆ ಕರುಣೆಯ ಹೆಜ್ಜೆ. ದೇಶ, ಕಾಲ, ಸ್ಥಿತಿಗಳನ್ನು ಅನುಸರಿಸಿ ಒಂದೇ ಧರ್ಮ ಎರಡು ರೂಪ ತಾಳುವುದನ್ನು ಅನೇಕಾಂತದೃಷ್ಟಿ ನಮಗೆ ಕಲಿಸಿದೆ.

ಐದು ಸಮಿತಿಗಳು, ಒಂದು ಕಾರ್ಯಯೋಜನೆ

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣದ ಜೊತೆಗೆ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು ಸೇರಿಸಿದ್ದಾರೆ. ಆದುದರಿಂದಲೇ ಅಹಿಂಸಾ ಮಹಾವ್ರತದ ಕಾವಲಿಗೆ ಮುನಿಗಳಿಗೆ ಐದು ಸಮಿತಿಗಳನ್ನು ವಿಧಿಸಲಾಗಿದೆ. ಧ್ರುವಪ್ರದೇಶದಲ್ಲಿ ರೋಗದ ಶಂಕೆ ಬಂದಾಗ ಅನುಸರಿಸಬೇಕೆಂದು ತಜ್ಞರು ರೂಪಿಸಿರುವ ಕ್ರಮಗಳನ್ನು ಓದುತ್ತ ಹೋದರೆ, ಅವು ಒಂದೊಂದೂ ಈ ಸಮಿತಿಗಳ ನೆರಳಿನಲ್ಲಿಯೇ ನಿಲ್ಲುವುದು ಕಾಣುತ್ತದೆ.

ಮೊದಲನೆಯದು ಈರ್ಯಾ ಸಮಿತಿ. ಮುನಿಗಳು ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡಿಕೊಂಡು ಜೀವಿಗಳಿಗೆ ಬಾಧೆಯಾಗದಂತೆ ಹೆಜ್ಜೆಯಿಡುತ್ತಾರೆ. ಹಿಮಖಂಡದಲ್ಲಿಯೂ ದಡಕ್ಕೆ ಇಳಿಯುವ ಮುನ್ನ ದೂರದರ್ಶಕದಿಂದ ನೆಲೆಯನ್ನು ಪರಿಶೀಲಿಸಬೇಕು. ತಲೆ ತಿರುಚಿಕೊಳ್ಳುವ, ತೂರಾಡುವ, ನಡುಗುವ, ಉಸಿರಿಗೆ ಕಷ್ಟಪಡುವ ಪ್ರಾಣಿಗಳು ಕಂಡರೆ ಅಥವಾ ಅಸಹಜ ಸಂಖ್ಯೆಯಲ್ಲಿ ಶವಗಳು ಕಂಡರೆ ಇಳಿಯಲೇಬಾರದು. ಆರೋಗ್ಯವಾಗಿರುವ ಪ್ರಾಣಿಗಳಿಂದಲೂ ಕನಿಷ್ಠ ಐದು ಮೀಟರ್ ಅಂತರ ಕಾಯಬೇಕು.

ಎರಡನೆಯದು ಭಾಷಾ ಸಮಿತಿ. ಕಂಡದ್ದನ್ನು ಕಂಡಷ್ಟೇ ಹೇಳಬೇಕು; ಮುಚ್ಚಿಡಲೂ ಬಾರದು, ಹಿಗ್ಗಿಸಲೂ ಬಾರದು. ಇದರ ವಿಚಾರವನ್ನು ಮುಂದೆ ಪ್ರತ್ಯೇಕವಾಗಿ ನೋಡೋಣ.

ಮೂರನೆಯದು ಏಷಣಾ ಸಮಿತಿ, ಆಹಾರದ ಎಚ್ಚರ. ಅಂಟಾರ್ಕ್ಟಿಕ್ ಒಪ್ಪಂದದ ಅಂಗವಾಗಿ 1991ರಲ್ಲಿ ಮ್ಯಾಡ್ರಿಡ್‌ನಲ್ಲಿ ಅಂಗೀಕೃತವಾದ ಪರಿಸರ ಸಂರಕ್ಷಣಾ ನಿಯಮಗಳು ಜೀವಂತ ಕೋಳಿಯನ್ನಾಗಲಿ ಬೇರಾವ ಹಕ್ಕಿಯನ್ನಾಗಲಿ ಆ ಖಂಡಕ್ಕೆ ಒಯ್ಯುವುದನ್ನು ನಿಷೇಧಿಸಿವೆ. ಅಡುಗೆಗೆ ಒಯ್ಯುವ ಕೋಳಿಮಾಂಸವೂ ರೋಗಪರೀಕ್ಷೆಗೆ ಒಳಪಟ್ಟಿರಬೇಕು, ಉಳಿದದ್ದನ್ನು ಹೊರಸಾಗಿಸಬೇಕು ಅಥವಾ ಸುಡಬೇಕು ಎಂದು ಅವು ವಿಧಿಸಿವೆ. ಮಾಂಸವನ್ನೇ ಒಯ್ಯದಿದ್ದರೆ ಈ ತೊಡಕಿನ ಬಹುಭಾಗ ತಾನಾಗಿ ಕಳಚಿಬೀಳುತ್ತಿತ್ತೆಂಬುದು ನಮ್ಮ ಅನಿಸಿಕೆ.

ನಾಲ್ಕನೆಯದು ಆದಾನ-ನಿಕ್ಷೇಪಣ ಸಮಿತಿ. ಪಿಂಛಿಯಿಂದ ನವಿರಾಗಿ ಸವರಿದ ಬಳಿಕವೇ ಮುನಿಗಳು ಶಾಸ್ತ್ರವನ್ನೋ ಕಮಂಡಲುವನ್ನೋ ಎತ್ತುತ್ತಾರೆ, ಇಡುತ್ತಾರೆ. ಹಿಮಖಂಡಕ್ಕೆ ಹೋಗುವವರು ಬೂಟು, ಬಟ್ಟೆ, ಕ್ಯಾಮೆರಾದ ಕಾಲುಗಳನ್ನು ಇಳಿಯುವ ಮುನ್ನವೂ ಹಿಂದಿರುಗಿದ ಮೇಲೂ ಉಜ್ಜಿ ತೊಳೆದು ಸೋಂಕುನಿವಾರಕ ದ್ರಾವಣದಲ್ಲಿ ಅದ್ದಬೇಕು. ಹಕ್ಕಿಜ್ವರದ ಭಯದಿಂದ ಪ್ರವಾಸಿಗರಿಗೆ ಮತ್ತೊಂದು ನಿಯಮವೂ ಬಂದಿದೆ. ಪ್ರಾಣಿಗಳಿರುವ ನೆಲದಲ್ಲಿ ಕುಳಿತುಕೊಳ್ಳುವಂತಿಲ್ಲ, ಮಂಡಿಯೂರುವಂತಿಲ್ಲ, ಮಲಗುವಂತಿಲ್ಲ, ಚೀಲವನ್ನು ಕೆಳಗಿಡುವಂತಿಲ್ಲ.

ಐದನೆಯದು ಉತ್ಸರ್ಗ ಸಮಿತಿ. ದೇಹಮಲವನ್ನು ನಿರ್ಜಂತುಕ ಸ್ಥಳದಲ್ಲಿ, ಯಾವ ಜೀವಕ್ಕೂ ಬಾಧೆಯಾಗದಂತೆ ವಿಸರ್ಜಿಸುವ ವ್ರತವಿದು. ತೊಳೆದ ನೀರು, ಮಾದರಿ ಸಂಗ್ರಹಿಸಿದ ಕೈಗವಸು, ಅಡುಗೆಮನೆಯ ಕಸ ಇವೆಲ್ಲ ಪ್ರಾಣಿಗಳ ಬಾಯಿಗೆ ಸಿಗದಂತೆ ವಿಲೇವಾರಿಯಾಗಬೇಕೆಂಬ ಇಂದಿನ ನಿಯಮ ಅದರದೇ ವಿಸ್ತಾರ. ಸ್ಕುವಾದಂಥ ಹಕ್ಕಿಗಳು ಶವಗಳನ್ನೂ ಎಸೆದದ್ದನ್ನೂ ಹೆಕ್ಕಿ ತಿನ್ನುವಂಥವು. ರೋಗ ಅವುಗಳನ್ನೇ ಮೊದಲು ಹಿಡಿದುದರಲ್ಲಿ ಆಶ್ಚರ್ಯವಿಲ್ಲ.

ಹಿಮಖಂಡಕ್ಕೊಂದು ಚಾತುರ್ಮಾಸ

ಮಳೆಗಾಲದ ನಾಲ್ಕು ತಿಂಗಳು ನಮ್ಮ ಮುನಿಗಳು ಏಕೆ ವಿಹಾರ ನಿಲ್ಲಿಸುತ್ತಾರೆ? ಆ ಕಾಲದಲ್ಲಿ ನೆಲದ ತುಂಬ ಜೀವರಾಶಿ ಮೊಳೆಯುತ್ತದೆ, ಎಲ್ಲಿ ಹೆಜ್ಜೆಯಿಟ್ಟರೂ ಹಿಂಸೆಯ ಸಂಭವವಿರುತ್ತದೆ ಎಂಬ ಕಾರಣದಿಂದ. ಜೀವಗಳು ಹೆಚ್ಚಿದ ಕಾಲದಲ್ಲಿ ತನ್ನ ಚಲನೆಯನ್ನು ಕಡಿಮೆ ಮಾಡುವುದು ವರ್ಷಾಯೋಗದ ತಿರುಳು. ಅಂಟಾರ್ಕ್ಟಿಕಾದಲ್ಲಿ ನಡೆಯುತ್ತಿರುವುದು ಇದಕ್ಕೆ ತೀರ ವಿರುದ್ಧ. ನವೆಂಬರಿನಿಂದ ಮಾರ್ಚ್‌ವರೆಗಿನ ಬೇಸಿಗೆಯಲ್ಲಿ ಹಕ್ಕಿಗಳೂ ಸೀಲ್‌ಗಳೂ ದಡಕ್ಕೆ ಬಂದು ಮರಿ ಮಾಡುತ್ತವೆ. ಹಡಗುಗಳೂ ಅದೇ ತಿಂಗಳುಗಳಲ್ಲಿ ಜನರನ್ನು ತುಂಬಿಕೊಂಡು ಹೋಗುತ್ತವೆ. ಜೀವಗಳು ದಟ್ಟವಾಗಿರುವ ಹೊತ್ತೇ ನಮಗೆ ನೋಡಲು ಸೊಗಸಾದ ಹೊತ್ತು.

ರೋಗದ ಶಂಕೆ ಬಂದ ನೆಲೆಗಳನ್ನು ಮುಚ್ಚುವ ನಿರ್ಧಾರ ಈ ದೃಷ್ಟಿಯಿಂದ ಮಹತ್ತ್ವದ್ದು. ದಕ್ಷಿಣ ಜಾರ್ಜಿಯಾದ ಆಡಳಿತ 2023ರಲ್ಲಿ ಸೋಂಕಿನ ಸುಳಿವು ಸಿಕ್ಕ ಹಲವು ತಾಣಗಳಿಗೆ ಸಂದರ್ಶಕರ ಪ್ರವೇಶವನ್ನು ತಡೆಯಿತು. ಬರ್ಡ್ ಐಲೆಂಡಿನ ಸಂಶೋಧಕರು ಪ್ರಾಣಿಗಳನ್ನು ಹಿಡಿದು ಮಾಡುವ ಕ್ಷೇತ್ರಕಾರ್ಯವನ್ನು ನಿಲ್ಲಿಸಿದರು. ವರ್ಷಗಳಿಂದ ಮುರಿಯದೆ ನಡೆಸಿಕೊಂಡುಬಂದ ಅಧ್ಯಯನವನ್ನು ನಡುವೆ ತಡೆಯುವುದು ಸಂಶೋಧಕನಿಗೆ ಸಣ್ಣ ತ್ಯಾಗವಲ್ಲ. ಜ್ಞಾನಾರ್ಜನೆಯ ಆಸೆಗೂ ಜೀವಹಿತದ ಮುಂದೆ ಮಿತಿಯುಂಟೆಂದು ಒಪ್ಪಿದ ಆ ನಡೆಯನ್ನು ಪ್ರಮೋದಭಾವದಿಂದ ಮೆಚ್ಚಬೇಕು.

ಶಂಕೆಯ ಕಾಲದ ಸತ್ಯವ್ರತ

ಈಗ ಭಾಷಾ ಸಮಿತಿಯ ಮಾತಿಗೆ ಬರೋಣ. 2024ರ ಮಾರ್ಚ್‌ನಲ್ಲಿ ಅಂಟಾರ್ಕ್ಟಿಕ್ ಪರ್ಯಾಯದ್ವೀಪದ ಬಳಿಯ ಹೆರೊಯಿನಾ ದ್ವೀಪದಲ್ಲಿ ಸಂಶೋಧಕರ ತಂಡವೊಂದು ಐನೂರಕ್ಕೂ ಹೆಚ್ಚು ಅಡೇಲಿ ಪೆಂಗ್ವಿನ್‌ಗಳು ಸತ್ತುಬಿದ್ದಿರುವುದನ್ನು ಕಂಡಿತು. ಹಕ್ಕಿಜ್ವರವೇ ಕಾರಣವಿರಬೇಕೆಂಬ ಶಂಕೆ ಎದ್ದಿತು. ಆದರೆ ಸ್ಥಳದಲ್ಲಿ ನಡೆಸಿದ ಪರೀಕ್ಷೆಗಳು ನಿರ್ಣಾಯಕ ಉತ್ತರ ಕೊಡಲಿಲ್ಲ. ಹಿಮದ ನಾಡಿನಲ್ಲಿ ಸಾವಿಗೆ ಹಲವು ದಾರಿಗಳಿವೆ. ಆಹಾರದ ಅಭಾವ, ಬಿರುಗಾಳಿ, ಮಂಜುಗಡ್ಡೆ ಅಡ್ಡಬಂದು ಕಡಲಿನ ದಾರಿ ಕಟ್ಟಿಹೋಗುವುದು ಇವೂ ಗುಂಪುಗುಂಪಾಗಿ ಕೊಲ್ಲಬಲ್ಲವು.

ಇಂಥ ಹೊತ್ತಿನಲ್ಲಿ ‘ಇದು ಹಕ್ಕಿಜ್ವರವೇ’ ಎಂದು ಸಾರುವುದೂ ತಪ್ಪು, ‘ಏನೂ ಇಲ್ಲ’ ಎಂದು ತಳ್ಳಿಹಾಕುವುದೂ ತಪ್ಪು. ಒಂದು ಅಪೇಕ್ಷೆಯಿಂದ ಹೀಗಿರಬಹುದು ಎನ್ನುವ ಸ್ಯಾದ್ವಾದದ ನುಡಿ ಇಲ್ಲಿ ತರ್ಕಶಾಸ್ತ್ರದ ಪಾಠವಾಗಿ ಉಳಿಯದೆ ಪ್ರಾಣರಕ್ಷಣೆಯ ಸಾಧನವಾಗುತ್ತದೆ. ರೋಗವಿರಬಹುದು, ಆದುದರಿಂದ ರೋಗವಿದೆಯೆಂದೇ ಬಗೆದು ದೂರವಿರೋಣ. ರೋಗವಿಲ್ಲದಿರಲೂಬಹುದು, ಆದುದರಿಂದ ತರಬೇತಿ ಪಡೆದವರು ರಕ್ಷಾಕವಚ ಧರಿಸಿ ಮಾದರಿ ತೆಗೆದು ಪರೀಕ್ಷಿಸುವವರೆಗೆ ತೀರ್ಪು ಕೊಡದಿರೋಣ. ಕಂಡ ಸ್ಥಳ, ದಿನ, ಪ್ರಾಣಿಯ ಜಾತಿ, ಸಂಖ್ಯೆ, ಲಕ್ಷಣ ಇವನ್ನು ಬರೆದು, ದೂರದಿಂದ ಚಿತ್ರ ತೆಗೆದು, ತಡಮಾಡದೆ ತಮ್ಮ ದೇಶದ ಅಧಿಕಾರಿಗಳಿಗೆ ತಿಳಿಸಬೇಕೆಂಬುದು ನಿಯಮ. ಅಂಟಾರ್ಕ್ಟಿಕ್ ಸಂಶೋಧನೆಯ ವೈಜ್ಞಾನಿಕ ಸಮಿತಿಯು ವನ್ಯಜೀವಿಗಳ ಆರೋಗ್ಯಕ್ಕೆಂದೇ ರಚಿಸಿರುವ ಜಾಲವು ಎಲ್ಲ ದೇಶಗಳ ಇಂಥ ವರದಿಗಳನ್ನು ಒಂದೆಡೆ ಸೇರಿಸಿ, ಶಂಕಿತ ಪ್ರಕರಣ ಯಾವುದು, ದೃಢಪಟ್ಟ ಪ್ರಕರಣ ಯಾವುದು ಎಂದು ಬೇರ್ಪಡಿಸಿ ತೋರಿಸುತ್ತದೆ. ಪ್ರವಾಸ ರದ್ದಾದೀತೆಂದೋ ಕೆಲಸ ನಿಂತೀತೆಂದೋ ಕಂಡದ್ದನ್ನು ಮುಚ್ಚಿಟ್ಟರೆ ಅದು ಅಸತ್ಯವೂ ಹೌದು, ಹಿಂಸೆಯೂ ಹೌದು.

ಶಂಕೆಯನ್ನು ಸಕಾಲದಲ್ಲಿ ಪರೀಕ್ಷಿಸದಿದ್ದರೆ ಏನಾಗುತ್ತದೆಂಬುದಕ್ಕೆ ಹಳೆಯ ನಿದರ್ಶನವಿದೆ. 1955ರಲ್ಲಿ ಅಂಟಾರ್ಕ್ಟಿಕ್ ಪರ್ಯಾಯದ್ವೀಪದ ಕ್ರೌನ್ ಪ್ರಿನ್ಸ್ ಗುಸ್ತಾವ್ ಕಾಲುವೆಯಲ್ಲಿ ಮಂಜಿನ ನಡುವೆ ಸಿಲುಕಿದ್ದ ಸಾವಿರಾರು ಕ್ರಾಬ್‌ಈಟರ್ ಸೀಲ್‌ಗಳಲ್ಲಿ ಬಹುಪಾಲು ಸತ್ತವು. ವೈರಾಣುವಿನ ಸೋಂಕೆಂದು ಊಹಿಸಲಾಯಿತೇ ಹೊರತು ಕಾರಣ ಖಚಿತವಾಗಲಿಲ್ಲ. ಮೂರು ದಶಕಗಳಾಚೆ ಅದೇ ಜಾತಿಯ ಸೀಲ್‌ಗಳ ರಕ್ತದಲ್ಲಿ ನಾಯಿಗಳ ಡಿಸ್ಟೆಂಪರ್ ರೋಗದ ಪ್ರತಿಕಾಯಗಳು ಕಂಡುಬಂದಾಗ, ಹಿಮಬಂಡಿ ಎಳೆಯಲು ಮನುಷ್ಯ ಒಯ್ದ ನಾಯಿಗಳ ಕಡೆಗೆ ಬೆರಳು ತಿರುಗಿತು. ಮ್ಯಾಡ್ರಿಡ್ ನಿಯಮಗಳಂತೆ 1994ರ ಏಪ್ರಿಲ್ ವೇಳೆಗೆ ನಾಯಿಗಳನ್ನೆಲ್ಲ ಆ ಖಂಡದಿಂದ ಹೊರಸಾಗಿಸಲಾಯಿತು. ಮತ್ತೆ 1997ರಲ್ಲಿ, ಆಸ್ಟ್ರೇಲಿಯದ ಮಾಸನ್ ನೆಲೆಯ ಸಮೀಪದ ಪೆಂಗ್ವಿನ್‌ಗಳಲ್ಲಿ ಕೋಳಿಗಳಿಗೆ ಬರುವ ರೋಗವೊಂದರ ಪ್ರತಿಕಾಯಗಳು ಸಿಕ್ಕಿದ ವರದಿ ಪ್ರಕಟವಾಯಿತು. ಮರುವರ್ಷವೇ ಹೋಬಾರ್ಟ್ ನಗರದಲ್ಲಿ ತಜ್ಞರು ಸೇರಿ ಅಂಟಾರ್ಕ್ಟಿಕ್ ವನ್ಯಜೀವಿಗಳ ರೋಗಗಳ ಕುರಿತು ಚರ್ಚಿಸಿದರು. ಇಂದು ನಾವು ಕಾಣುತ್ತಿರುವ ಎಚ್ಚರದ ಕ್ರಮಗಳ ಬೀಜ ಅಲ್ಲಿದೆ.

ಎರಡು ಆಕ್ಷೇಪಗಳು

ಇಲ್ಲಿ ಓದುಗರು ಎತ್ತಬಹುದಾದ ಆಕ್ಷೇಪಗಳನ್ನು ಪರಿಶೀಲಿಸಬೇಕು. ಮೊದಲನೆಯದು: ಈ ಬಾರಿ ರೋಗವನ್ನು ಹಿಮಖಂಡಕ್ಕೆ ಒಯ್ದದ್ದು ಮನುಷ್ಯನ ಬೂಟಲ್ಲ, ವಲಸೆಹಕ್ಕಿ. 2022ರಲ್ಲಿ ದಕ್ಷಿಣ ಅಮೆರಿಕವನ್ನು ಹೊಕ್ಕ ವೈರಾಣು ಪೆರು, ಚಿಲಿ, ಅರ್ಜೆಂಟೀನಾಗಳ ತೀರಗುಂಟ ಇಳಿದು, ಕಡಲಹಕ್ಕಿಗಳ ಜೊತೆ ದಕ್ಷಿಣ ಜಾರ್ಜಿಯಾ ಸೇರಿತೆಂಬುದು ವಿಜ್ಞಾನಿಗಳ ಅಭಿಮತ. ಹಾಗಾದರೆ ಬೂಟು ತೊಳೆಯುವುದರಿಂದ ಏನು ಫಲ?

ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇದಕ್ಕೆ ಸಮಾಧಾನ ಹೇಳಿದ್ದಾರೆ. ಜೀವ ಸಾಯಲಿ ಬಿಡಲಿ, ಯತ್ನಾಚಾರವಿಲ್ಲದೆ ನಡೆದುಕೊಂಡವನಿಗೆ ಹಿಂಸೆಯ ದೋಷ ತಪ್ಪದು. ಎಚ್ಚರದಿಂದ ಸಮಿತಿಗಳನ್ನು ಪಾಲಿಸಿದವನಿಗೆ ಕೇವಲ ಪ್ರಾಣಹಾನಿಯಿಂದ ಬಂಧವಿಲ್ಲ ಎಂಬುದು ಅವರ ಆಶಯ. ವಲಸೆಹಕ್ಕಿ ಏನನ್ನು ಹೊತ್ತು ತಂದಿತೆಂಬುದು ನಮ್ಮ ಕೈಯಲ್ಲಿಲ್ಲ, ನಮ್ಮ ಬೂಟು ಏನನ್ನು ಹೊರುತ್ತದೆಂಬುದು ನಮ್ಮ ಕೈಯಲ್ಲಿದೆ. ಲೌಕಿಕ ದೃಷ್ಟಿಯಿಂದಲೂ ಇದು ಸರಿ. ಹಕ್ಕಿ ತಂದ ರೋಗವನ್ನು ಒಂದು ನೆಲೆಯಿಂದ ಮತ್ತೊಂದಕ್ಕೆ ದಾಟಿಸುವ ಶಕ್ತಿ ಮನುಷ್ಯನಿಗೆ ಇದ್ದೇ ಇದೆ.

ಅದೂ ಅಲ್ಲದೆ, ಹಕ್ಕಿಯನ್ನು ಅಪರಾಧಿಯಾಗಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಈ ವೈರಾಣುವಿನ ವಂಶಮೂಲವನ್ನು ಹುಡುಕುತ್ತ ಹೋದರೆ, 1996ರಲ್ಲಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಸಾಕಿದ್ದ ಹೆಬ್ಬಾತಿನ ಬಳಿಗೆ ಬಂದು ನಿಲ್ಲುತ್ತೇವೆ. ಕಾಡಿನ ನೀರುಹಕ್ಕಿಗಳಲ್ಲಿ ಹೆಚ್ಚು ಬಾಧೆ ಕೊಡದೆ ಇರುವ ವೈರಾಣುಗಳು, ಆಹಾರಕ್ಕಾಗಿ ಒತ್ತೊತ್ತಾಗಿ ತುಂಬಿದ ಸಾಕುಹಕ್ಕಿಗಳ ನಡುವೆ ರೂಪ ಬದಲಿಸಿ ಮಾರಕವಾಗಬಲ್ಲವು. ಅಲ್ಲಿ ಉಗ್ರವಾದದ್ದು ಮರಳಿ ಕಾಡುಹಕ್ಕಿಗೆ ತಗುಲಿತು. ಕಾಡುಹಕ್ಕಿ ಅದನ್ನು ಹೊತ್ತು ಹಾರಿತು. ನಾಲಗೆಯ ರುಚಿಗಾಗಿ ಕಟ್ಟಿದ ಬೋನಿಗೂ ಹಿಮದ ಮೇಲೆ ಬಿದ್ದ ಸೀಲ್ ಮರಿಗೂ ನಡುವೆ ಹೀಗೊಂದು ದಾರಿಯಿದೆ. ಜೀವಗಳು ಪರಸ್ಪರರಿಗೆ ಉಪಕಾರಿಗಳೆಂಬ ತತ್ತ್ವವನ್ನು ಮರೆತರೆ ಪರಸ್ಪರರ ಅಪಕಾರವೂ ಅಷ್ಟೇ ದೂರ ಸಾಗುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಕಠಿಣವಾದುದು. ಮದ್ದಿಲ್ಲವೆಂದ ಮೇಲೆ ನರಳುವ ಪ್ರಾಣಿಯನ್ನು ಕೊಂದು ಸಂಕಟದಿಂದ ಬಿಡಿಸಬಾರದೇಕೆ? ಕೋಳಿ ಸಾಕಣೆ ಕೇಂದ್ರಗಳಲ್ಲಿ ಮಾಡುವಂತೆ ಸೋಂಕಿತ ಗುಂಪನ್ನೇ ನಾಶಮಾಡಿ ರೋಗವನ್ನು ತಡೆಯಬಾರದೇಕೆ? ಗುಂಪುನಾಶದ ವಿಷಯದಲ್ಲಿ ತಜ್ಞರೇ ಇಲ್ಲವೆಂದಿದ್ದಾರೆ. ವನ್ಯಪಕ್ಷಿಗಳನ್ನು ಕೊಲ್ಲಹೊರಟರೆ ಅವು ಚದುರಿ ರೋಗ ಇನ್ನಷ್ಟು ಹರಡುತ್ತದೆ. ಇನ್ನು ಸಂಕಟವಿಮೋಚನೆಯ ಮಾತು. ದುಃಖಿಯಾದ ಜೀವವನ್ನು ಕೊಂದರೆ ಅದರ ದುಃಖ ಬೇಗ ತೀರುತ್ತದೆಂಬ ವಾದವನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಎತ್ತಿಕೊಂಡು ನಿರಾಕರಿಸಿದ್ದಾರೆ. ಸಾಯುತ್ತಿರುವ ಜೀವಕ್ಕೂ ತನ್ನ ಆಯುಷ್ಯದ ಕೊನೆಯ ಕ್ಷಣ ತನ್ನದೇ. ಸೋಂಕು ತಗುಲಿದ ಪ್ರಾಣಿಗಳೆಲ್ಲ ಸಾಯುವುದೂ ಇಲ್ಲ. ಚೇತರಿಸಿಕೊಂಡು ರೋಗನಿರೋಧಕ ಶಕ್ತಿ ಪಡೆಯುವಂಥವೂ ಇವೆ. ಯಾವುದು ಬದುಕುತ್ತದೆಂದು ನಿರ್ಣಯಿಸುವ ಜ್ಞಾನ ನಮಗಿಲ್ಲದಿರುವಾಗ ಕೊಲ್ಲುವ ಅಧಿಕಾರವೆಲ್ಲಿಂದ ಬರಬೇಕು?

ಶ್ರಾವಕನ ಪಾಲು

ಇದೆಲ್ಲ ವಿಜ್ಞಾನಿಗಳ, ಸರ್ಕಾರಗಳ ಕೆಲಸವೆಂದು ನಾವು ಸುಮ್ಮನಿರುವಂತಿಲ್ಲ. ಭಾರತ 1983ರಲ್ಲಿ ಅಂಟಾರ್ಕ್ಟಿಕ್ ಒಪ್ಪಂದಕ್ಕೆ ಸೇರಿ, ಅದೇ ವರ್ಷ ಮತಾಧಿಕಾರವುಳ್ಳ ಸದಸ್ಯ ದೇಶವಾಯಿತು. ಅಲ್ಲಿ ನಮ್ಮ ಎರಡು ನೆಲೆಗಳು ಕೆಲಸ ಮಾಡುತ್ತಿವೆ: 1989ರ ಮೈತ್ರಿ, 2012ರ ಭಾರತಿ. 2022ರಲ್ಲಿ ಭಾರತೀಯ ಅಂಟಾರ್ಕ್ಟಿಕ್ ಕಾಯ್ದೆ ಬಂದಿತು. 2024ರ ಮೇ ತಿಂಗಳಲ್ಲಿ ಒಪ್ಪಂದದ ರಾಷ್ಟ್ರಗಳ 46ನೆಯ ಸಮಾಲೋಚನಾ ಸಭೆ ಕೊಚ್ಚಿಯಲ್ಲಿಯೇ ನಡೆಯಿತು. ಆ ಖಂಡದ ಜೀವಿಗಳ ಕ್ಷೇಮದಲ್ಲಿ ನಮ್ಮ ದೇಶಕ್ಕೂ ಹೊಣೆಯುಂಟು. ಮೈತ್ರಿ ಎಂಬ ಹೆಸರೇ ನಮಗೆ ಸಾಕಷ್ಟು ಹೇಳುತ್ತದೆ. ಸಕಲ ಜೀವಗಳಲ್ಲಿ ಇರಬೇಕಾದ ಮೊದಲ ಭಾವನೆ ಅದು.

ವ್ಯಕ್ತಿಯಾಗಿ ಗೃಹಸ್ಥನ ಪಾಲೇನು? 2022-23ರ ಋತುವಿನಿಂದ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಅಂಟಾರ್ಕ್ಟಿಕಾಗೆ ಹೋಗುತ್ತಿದ್ದಾರೆ. ನಮ್ಮ ದೇಶದ ಅನುಕೂಲಸ್ಥರಲ್ಲಿಯೂ ಈ ಹಂಬಲ ಬೆಳೆಯುತ್ತಿದೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಅನರ್ಥದಂಡವನ್ನು ವಿವರಿಸುವಾಗ, ಪ್ರಯೋಜನವಿಲ್ಲದೆ ತಾನು ಅಲೆಯುವುದನ್ನೂ ಇತರರನ್ನು ಅಲೆಯಿಸುವುದನ್ನೂ ಪ್ರಮಾದಚರ್ಯೆಯಲ್ಲಿ ಎಣಿಸಿದ್ದಾರೆ. ಹೋಗುವವನಿಗೂ ಕರೆದೊಯ್ಯುವವನಿಗೂ ಅಲ್ಲಿ ಎಚ್ಚರಿಕೆಯಿದೆ. ಅದೇ ಗ್ರಂಥದಲ್ಲಿ ದಿಗ್ವ್ರತದ ಮಹಿಮೆಯೂ ಇದೆ. ಇಂಥ ದಿಕ್ಕಿನಲ್ಲಿ ಇಷ್ಟು ದೂರದಾಚೆ ಹೋಗೆನೆಂದು ಮಿತಿ ಕಟ್ಟಿಕೊಂಡ ಗೃಹಸ್ಥನ ಅಣುವ್ರತವು ಆ ಗಡಿಯಾಚೆಗೆ ಮಹಾವ್ರತಕ್ಕೆ ಸಮಾನವಾಗುತ್ತದೆಂದು ಆಚಾರ್ಯರು ಹೇಳುತ್ತಾರೆ. ಗಡಿಯಾಚೆ ಆತನಿಂದ ಸೂಕ್ಷ್ಮ ಹಿಂಸೆಯೂ ಆಗದು. ಸಂಸಾರದಲ್ಲಿದ್ದು ಪೂರ್ಣ ಅಹಿಂಸೆಯನ್ನು ಪಾಲಿಸಲಾರೆನೆಂದು ಕೊರಗುವವನಿಗೆ ಇದೆಂಥ ಭರವಸೆ! ಕೇವಲ ನೋಡುವ ಆಸೆಗಾಗಿ ಹಿಮಖಂಡಕ್ಕೆ ಕಾಲಿಡೆನೆಂಬ ಒಂದು ಸಂಕಲ್ಪದಿಂದ, ಮನೆಯಲ್ಲಿ ಕುಳಿತ ಶ್ರಾವಕನು ಆ ಖಂಡದ ಪೆಂಗ್ವಿನ್‌ಗಳ ಪಾಲಿಗೆ ಮಹಾವ್ರತಿಯಾಗಬಲ್ಲ.

ನಮ್ಮ ಊರಿಗೂ ಈ ವಿಚಾರ ದೂರದ್ದಲ್ಲ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ, ರಾಯಚೂರು ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಕೆರೆಯಂಗಳದಲ್ಲೋ ಬಸದಿಯ ಪ್ರಾಂಗಣದಲ್ಲೋ ಹಕ್ಕಿಗಳು ಗುಂಪಾಗಿ ಸತ್ತುಬಿದ್ದಿದ್ದರೆ ಬರಿಗೈಯಿಂದ ಮುಟ್ಟದೆ, ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ದೂರವಿರಿಸಿ, ಪಶುಪಾಲನಾ ಮತ್ತು ಪಶುವೈದ್ಯ ಸೇವಾ ಇಲಾಖೆಗೆ ತಿಳಿಸುವುದು ಧರ್ಮ. ಕಾಳು ಹಾಕುವ, ನೀರಿಡುವ ತಾಣಗಳನ್ನು ಅಂಥ ಕಾಲದಲ್ಲಿ ಕೆಲವು ದಿನ ನಿಲ್ಲಿಸಬೇಕಾಗಿ ಬಂದರೆ ಅದನ್ನು ನಿರ್ದಯೆಯೆಂದು ಭಾವಿಸಬಾರದು. ಗುಂಪು ಸೇರಿಸುವ ಕಾಳೇ ಸೋಂಕು ಹರಡುವ ಕಾರಣವಾಗಬಲ್ಲದು.

ಕೈಚಾಚಿ ಮಾಡುವ ಉಪಕಾರ ಎಲ್ಲರ ಕಣ್ಣಿಗೂ ಕಾಣುತ್ತದೆ. ಕೈಹಿಂದೆಗೆದು ಮಾಡುವ ಉಪಕಾರವನ್ನು ಕಾಣುವವರಿಲ್ಲ. ಪಡೆದ ಜೀವಕ್ಕೂ ಅದು ತಿಳಿಯದು. ಕೀರ್ತಿಯ ಆಸೆಗೆ ಅಲ್ಲಿ ಎಡೆಯಿಲ್ಲವಾದ್ದರಿಂದಲೇ ಅದು ಶುದ್ಧವಾದ ದಯೆ. ಈ ಬೇಸಿಗೆಯಲ್ಲಿಯೂ ದಕ್ಷಿಣದ ಯಾವುದೋ ನಿರ್ಜನ ತೀರದ ಎದುರು ಒಂದು ದೋಣಿ ನಿಲ್ಲಬಹುದು. ಅದರಲ್ಲಿರುವವರು ದೂರದರ್ಶಕದಲ್ಲಿ ನಡುಗುವ ಹಕ್ಕಿಯೊಂದನ್ನು ಕಂಡು, ವಿವರ ಬರೆದುಕೊಂಡು, ದಡ ಮುಟ್ಟದೆಯೇ ಹಿಂದಿರುಗಬಹುದು. ಜಿನಧರ್ಮದ ಹೆಸರನ್ನು ಅವರು ಕೇಳಿರಲಾರರು. ಆದರೂ ಆ ಹೊತ್ತಿನಲ್ಲಿ ಅವರು ಪಾಲಿಸಿದ್ದು ಈರ್ಯಾ ಸಮಿತಿಯನ್ನೇ.